ತೂಕದ ಯಂತ್ರ ನಿಂತದ್ದು ಲಾಗ್ ಕಳುಹಿಸುವ ದಾರಿ ಕಟ್ಟಿದ್ದಕ್ಕೆ: ಟಿಸಿಪಿಯೋ, ಯುಡಿಪಿಯೋ, ಬೇರೆ ದಾರಿಯೋ?

ತುಂಗೆತೀರ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದ ಹನ್ನೊಂದು ಅಕ್ಕಿ ಗಿರಣಿಗಳಲ್ಲಿ ಗಾಡಿ ತೂಗುವ ವೇಬ್ರಿಡ್ಜ್‌ಗಳಿಗೆ ನಾವು ಮೂವರು ಸೇರಿ ತಂತ್ರಾಂಶ ಬರೆದುಕೊಟ್ಟಿದ್ದೇವೆ. ಪ್ರತಿ ಗಿರಣಿಯ ತೂಕದ ಕೋಣೆಯಲ್ಲಿ ಲಿನಕ್ಸ್ ಹಾಕಿದ ಒಂದು ಪುಟ್ಟ ಕಂಪ್ಯೂಟರ್ ಇದೆ. ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ಬರುವ ಅಂಕಿಯನ್ನು ಪೈಥಾನ್ ಪ್ರೋಗ್ರಾಂ ಓದಿ ಚೀಟಿ ಮುದ್ರಿಸುತ್ತದೆ. ಅದರ ಲಾಗ್ ಸಂದೇಶಗಳು, ಅಂದರೆ ಪ್ರೋಗ್ರಾಂ ಯಾವ ಹೊತ್ತಿಗೆ ಏನು ಮಾಡಿತು ಎಂದು ಬರೆದಿಡುವ ಸಾಲುಗಳು, ಸಿಮ್ ಹಾಕಿದ ರೂಟರ್ ಮೂಲಕ ಬಳ್ಳಾರಿಯಲ್ಲಿರುವ ನಮ್ಮ ಸರ್ವರ್‌ಗೆ ಬರುತ್ತವೆ. ಸಣ್ಣ ದೋಷಕ್ಕೂ ಅಷ್ಟು ದೂರ ಬೈಕ್ ಓಡಿಸುವುದು ತಪ್ಪಲಿ ಎಂದು ಮಾಡಿದ ಏರ್ಪಾಡು.

ನವೆಂಬರ್ ಕೊನೆಯಲ್ಲಿ ಒಂದು ಗಿರಣಿಯಲ್ಲಿ ಸಂಜೆ ಆರೂವರೆಗೆ ತೂಕದ ಪರದೆ ಕಲ್ಲಾಗಿ ನಿಂತಿತು. ಪರದೆಯ ಮೇಲೆ 24,380 ಕೆ.ಜಿ. ಎಂದು ಹಾಗೆಯೇ ಇದೆ, ಆ ಲಾರಿಯೋ ಕಟ್ಟೆ ಇಳಿದು ಹೋಗಿ ಎಷ್ಟೋ ಹೊತ್ತಾಗಿದೆ. ಹೊರಗೆ ಭತ್ತದ ಟ್ರ್ಯಾಕ್ಟರ್‌ಗಳ ಸಾಲು ರಸ್ತೆಗೆ ಬಂದಿತ್ತು. ಕಾಲು ಗಂಟೆ ಕಳೆದ ಮೇಲೆ ತಾನಾಗಿಯೇ ಸರಿಹೋಯಿತು. ಮರುದಿನ ಹೋಗಿ ನೋಡಿದರೆ ಇಂಡಿಕೇಟರ್ ಸರಿಯಿದೆ, ಕೇಬಲ್ ಸರಿಯಿದೆ. ಆ ಹೊತ್ತಿನಲ್ಲಿ ಮೊಬೈಲ್ ಸಂಪರ್ಕ ಹೋಗಿತ್ತು, ಅಷ್ಟೇ. ಲಾಗ್ ಕಳುಹಿಸಲು ಆಗ ಟಿಸಿಪಿ ಬಳಸುತ್ತಿದ್ದೆವು, ಅಂದರೆ ಮೊದಲು ಸಂಪರ್ಕ ಕಟ್ಟಿಕೊಂಡು, ಮುಟ್ಟಿತೇ ಎಂದು ನೋಡಿಕೊಂಡು ಕಳುಹಿಸುವ ವಿಧಾನ.

ಸಿಟ್ಟಿನಲ್ಲಿ ಹನ್ನೊಂದೂ ಕಡೆ ಯುಡಿಪಿಗೆ, ಅಂದರೆ ಮುಟ್ಟಿತೋ ಇಲ್ಲವೋ ನೋಡದೆ ಕಳುಹಿಸಿಬಿಡುವ ವಿಧಾನಕ್ಕೆ, ಬದಲಾಯಿಸಿದೆ. ಯಂತ್ರ ಮತ್ತೆ ನಿಂತಿಲ್ಲ. ಆದರೆ ಕಳೆದ ವಾರ ಒಬ್ಬ ರೈತರು ತಮ್ಮ ಎರಡನೇ ಟ್ರಾಲಿಯಲ್ಲಿ ಎರಡು ಚೀಲದಷ್ಟು ತೂಕ ಕಡಿಮೆ ಬಂದಿದೆ ಎಂದು ತಕರಾರು ತೆಗೆದರು. ಎರಡು ಚೀಲವೆಂದರೆ 150 ಕೆ.ಜಿ. ಗಿರಣಿಯವರು ನನ್ನನ್ನು ಕರೆಸಿದರು. ಲಾಗ್ ತೆರೆದರೆ ಸರಿಯಾಗಿ ಆ ಆರು ನಿಮಿಷದ ಸಾಲುಗಳೇ ಇಲ್ಲ. ಆ ಹಿರಿಯರು ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಮಾತೇ ಹೊರಡಲಿಲ್ಲ.

ಟಿಸಿಪಿ ಇಟ್ಟರೆ ಕೆಲಸ ನಿಲ್ಲುತ್ತದೆ, ಯುಡಿಪಿ ಇಟ್ಟರೆ ಲಾಗ್ ಕಳೆಯುತ್ತದೆ. ನೀವು ಏನು ಮಾಡುತ್ತೀರಿ?

ಸಿರುಗುಪ್ಪ_ಸರ್ವರ್

ಟಿಸಿಪಿಗೇ ಹಿಂತಿರುಗಿ. ಯುಡಿಪಿಯಲ್ಲಿ ಲಾಗ್ ಕಳುಹಿಸುವುದು ವಿಳಾಸ ಬರೆಯದ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿದಂತೆ.

ಜೀನ್ಸ್_ಬಜಾರ್, ಬಳ್ಳಾರಿ

ಒಪ್ಪುವುದಿಲ್ಲ. ಯುಡಿಪಿಯಲ್ಲೂ ವಿಳಾಸ ಇರುತ್ತದೆ, ತಲುಪಿದ್ದಕ್ಕೆ ರಸೀದಿ ಇರುವುದಿಲ್ಲ. ಎರಡಕ್ಕೂ ವ್ಯತ್ಯಾಸವಿದೆ. ನನ್ನ ಆನ್‌ಲೈನ್ ಅಂಗಡಿಯ ಲಾಗ್‌ಗಳು ನಾಲ್ಕು ವರ್ಷದಿಂದ ಯುಡಿಪಿಯಲ್ಲೇ ಹೋಗುತ್ತಿವೆ. ನೂರರಲ್ಲಿ ಒಂದು ಸಾಲು ಹೋದರೆ ನನಗೇನೂ ನಷ್ಟವಿಲ್ಲ. ಗಿರಾಕಿಯ ಆರ್ಡರ್ ನಿಲ್ಲಬಾರದು, ಅದೇ ಮುಖ್ಯ. ಭತ್ತ ತಂದವರು ಚಳಿಯಲ್ಲಿ ಕಾಯುವಂತೆ ಮಾಡುವ ಲಾಗ್ ಯಾರಿಗೆ ಬೇಕು?

ಸಿರುಗುಪ್ಪ_ಸರ್ವರ್

ನಿಮಗೆ ಒಂದು ಸಾಲು ಹೋದರೆ ನಷ್ಟವಿಲ್ಲ. ಆ ರೈತರಿಗೆ ಆ ಒಂದು ಸಾಲೇ ಬೇಕಾಗಿತ್ತು.

ಹಳೆಯ_ಆಡಳಿತಗಾರ, ರಾಯಚೂರು

ಇಬ್ಬರೂ ಸ್ವಲ್ಪ ತಾಳಿ. ಜಗಳ ತಪ್ಪು ಜಾಗದಲ್ಲಿ ನಡೆಯುತ್ತಿದೆ.

ತುಂಗೆತೀರ, ನಿಮ್ಮ ಪ್ರೋಗ್ರಾಂ ಯಾಕೆ ನಿಂತಿತು ಎಂಬುದನ್ನು ಮೊದಲು ನೋಡೋಣ. ಕೇಬಲ್ ಕಿತ್ತಂತೆ ಮೊಬೈಲ್ ಸಂಪರ್ಕ ಹೋದಾಗ ಆ ಕಡೆಯಿಂದ 'ನಾನು ಹೊರಟೆ' ಎಂಬ ಸೂಚನೆ ಬರುವುದಿಲ್ಲ. ನಿಮ್ಮ ಕಡೆಯ ಲಿನಕ್ಸ್ ಸಂಪರ್ಕ ಇನ್ನೂ ಇದೆ ಎಂದೇ ನಂಬಿರುತ್ತದೆ. ಪ್ರೋಗ್ರಾಂ ಬರೆದ ಸಾಲುಗಳನ್ನು ತನ್ನ ಬಫರ್‌ಗೆ (ತಾತ್ಕಾಲಿಕವಾಗಿ ಇಡುವ ಜಾಗಕ್ಕೆ) ತುಂಬಿಕೊಳ್ಳುತ್ತಾ ಹೋಗುತ್ತದೆ. ಬಫರ್ ತುಂಬಿದ ಕ್ಷಣ ಮುಂದಿನ ಸಾಲು ಬರೆಯಲು ಹೋದ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ತೂಕ ಓದುವುದೂ ಅದೇ ಥ್ರೆಡ್ (ಪ್ರೋಗ್ರಾಂನೊಳಗಿನ ಒಂದು ಕೆಲಸದ ಎಳೆ), ಲಾಗ್ ಬರೆಯುವುದೂ ಅದೇ ಥ್ರೆಡ್ ಆಗಿದ್ದರೆ ಪರದೆಯೂ ಅಲ್ಲಿಗೇ ನಿಂತಂತೆ. ಲಿನಕ್ಸ್ ಮತ್ತೆ ಮತ್ತೆ ಪ್ರಯತ್ನಿಸಿ ಸೋಲೊಪ್ಪಿಕೊಳ್ಳಲು ಪೂರ್ವನಿಯೋಜಿತ ಹೊಂದಿಕೆಯಲ್ಲಿ 15 ಮರುಪ್ರಯತ್ನ ಬೇಕು, ಅಂದರೆ ಸುಮಾರು 15 ನಿಮಿಷ. ನಿಮ್ಮ 'ಕಾಲು ಗಂಟೆ' ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತೇ?

ಇನ್ನೊಂದು ಪ್ರಶ್ನೆ. ಲಾಗ್‌ನ ಮಟ್ಟ ಯಾವುದು ಇಟ್ಟಿದ್ದೀರಿ? ಇಂಡಿಕೇಟರ್ ಒಂದು ಸೆಕೆಂಡಿಗೆ ಹಲವು ಸಲ ಅಂಕಿ ಕಳುಹಿಸುತ್ತದೆ. ಅದಷ್ಟನ್ನೂ ಡೀಬಗ್ ಮಟ್ಟದಲ್ಲಿ, ಅಂದರೆ ಸಣ್ಣ ವಿವರವನ್ನೂ ಬಿಡದ ಮಟ್ಟದಲ್ಲಿ, ಬರೆಯುತ್ತಿದ್ದರೆ ಬಫರ್ ಬೇಗ ತುಂಬದೆ ಇನ್ನೇನು?

ತುಂಗೆತೀರ, ಬಳ್ಳಾರಿ

ಹೌದು ಸರ್, ಡೀಬಗ್ ಮಟ್ಟವೇ. ಮೊದಲ ವಾರ ಪರೀಕ್ಷೆಗೆ ಎಂದು ಇಟ್ಟದ್ದು, ತೆಗೆಯಲೇ ಇಲ್ಲ.

ಕಿನ್ನಾಳ_ಹುಡುಗಿ, ಕೊಪ್ಪಳ

ನಾನು ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಟಿಸಿಪಿ ಎಂದರೆ ಖಚಿತವಾಗಿ ತಲುಪಿಸುತ್ತದೆ ಎಂದು ನಮಗೆ ಪಾಠದಲ್ಲಿ ಹೇಳಿದ್ದಾರೆ. ಹಾಗಾದರೆ ಯಂತ್ರ ನಿಂತರೂ ಲಾಗ್ ಮಾತ್ರ ಪೂರ್ತಿ ಬಂದಿರಬೇಕಲ್ಲವೇ?

ಹಳೆಯ_ಆಡಳಿತಗಾರ, ರಾಯಚೂರು

ತಂಗಿ, ಒಳ್ಳೆಯ ಪ್ರಶ್ನೆ ಕೇಳಿದೆ. ಕೆಲಸಕ್ಕೆ ಸೇರಿ ಹತ್ತು ವರ್ಷವಾದವರೂ ಇಲ್ಲಿ ಎಡವುತ್ತಾರೆ.

ಪ್ರೋಗ್ರಾಂ 'ಕಳುಹಿಸು' ಎಂದಾಗ ಟಿಸಿಪಿ 'ಆಯಿತು' ಎಂದು ಹೇಳುವುದು ಸಾಲು ಬಳ್ಳಾರಿ ಮುಟ್ಟಿದಾಗ ಅಲ್ಲ. ಅದು ಇದೇ ಯಂತ್ರದ ಬಫರ್ ಸೇರಿದಾಗಲೇ 'ಆಯಿತು' ಎಂದುಬಿಡುತ್ತದೆ. ಅಷ್ಟರಲ್ಲಿ ಸಂಪರ್ಕ ಸತ್ತರೆ ಬಫರ್‌ನಲ್ಲಿದ್ದ ಸಾಲುಗಳೆಲ್ಲ ಅದರೊಂದಿಗೇ ಹೋಗುತ್ತವೆ, ಪ್ರೋಗ್ರಾಂ ಮಾತ್ರ ಅವು ತಲುಪಿವೆ ಎಂದೇ ತಿಳಿದಿರುತ್ತದೆ. ಸಂಪರ್ಕ ಜೀವಂತವಿರುವವರೆಗೆ ಕ್ರಮ ತಪ್ಪದೆ, ನಡುವೆ ಬಿಡದೆ ತಲುಪಿಸುತ್ತೇನೆ ಎಂಬುದಷ್ಟೇ ಟಿಸಿಪಿಯ ಭರವಸೆ. ಸತ್ತ ಮೇಲಿನದಕ್ಕೆ ಅದು ಹೊಣೆಯಲ್ಲ.

ಆದ್ದರಿಂದ ತುಂಗೆತೀರ ಅವರ ಹಳೆಯ ವ್ಯವಸ್ಥೆಯಲ್ಲಿ ಯಂತ್ರವೂ ನಿಂತಿತು, ಸಾಲುಗಳೂ ಹೋದವು. ಎರಡೂ ನಷ್ಟ.

ಬಳ್ಳಾರಿಯ ಸರ್ವರ್ 'ನಿನ್ನ ಇಂಥ ಸಂದೇಶ ನನ್ನ ಕೈಸೇರಿತು' ಎಂದು ತನ್ನ ಬಾಯಿಂದಲೇ ಹೇಳಬೇಕು. ಲಾಗ್ ಸಂಗ್ರಹಿಸಿ ಕಳುಹಿಸುವ ಆರ್‌ಸಿಸ್‌ಲಾಗ್ ತಂತ್ರಾಂಶದಲ್ಲಿ ಇದಕ್ಕಾಗಿಯೇ ರೆಲ್ಪ್ ಎಂಬ ಪ್ರೋಟೊಕಾಲ್ (ಕಳುಹಿಸುವ ನಿಯಮ) ಇದೆ. ರಸೀದಿ ಬರುವ ತನಕ ಕಳುಹಿಸಿದವನು ಸಾಲನ್ನು ಬಿಡುವುದಿಲ್ಲ.

ಸಂಡೂರು_ಗುಡ್ಡ

ನಮ್ಮದು ಅದಿರು ಲಾರಿಗಳ ಜಾಡು ಹಿಡಿಯುವ ಕೆಲಸ. ಗುಡ್ಡದ ಒಂದು ತಿರುವಿನಲ್ಲಿ ಸಿಗ್ನಲ್ ಇದ್ದರೆ ಮುಂದಿನ ತಿರುವಿನಲ್ಲಿ ಇರುವುದಿಲ್ಲ. ಲಾಗ್‌ಗಳನ್ನೂ ನಾವು ಎಂಕ್ಯೂಟಿಟಿಯಲ್ಲೇ ಕಳುಹಿಸುತ್ತೇವೆ. 1999ರಲ್ಲಿ ತೈಲ ಕೊಳವೆ ಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಹುಟ್ಟಿದ ಪ್ರೋಟೊಕಾಲ್ ಅದು. ಸಂಪರ್ಕ ಹೋಗುತ್ತದೆ, ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ್ದು. ಅದರಲ್ಲಿ ಒಂದನೇ ದರ್ಜೆಯ ಸೇವೆ ಇಟ್ಟರೆ ಸಂದೇಶ ಒಮ್ಮೆಯಾದರೂ ತಲುಪುತ್ತದೆ. ಕೆಲವೊಮ್ಮೆ ಎರಡು ಸಲ ಬರುತ್ತದೆ, ಅದಕ್ಕೆ ಸಿದ್ಧರಿರಬೇಕು.

ಪೋರ್ಟ್_514

ಎಂಕ್ಯೂಟಿಟಿ ಒಳ್ಳೆಯದೇ, ಆದರೆ ವೇಬ್ರಿಡ್ಜ್ ಅಲುಗಾಡುವುದಿಲ್ಲ, ಸರ್ವರ್‌ನಲ್ಲಿ ಲಾಗ್ ಸ್ವೀಕರಿಸುವ ಸಿಸ್‌ಲಾಗ್ ಈಗಾಗಲೇ ಇದೆ. ಇರುವುದನ್ನೇ ಸರಿಮಾಡಿ.

ಸಿಸ್‌ಲಾಗ್ ಹುಟ್ಟಿದ್ದು 1980ರ ದಶಕದಲ್ಲಿ, ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶಕ್ಕಾಗಿ ಎರಿಕ್ ಆಲ್ಮನ್ ಬರೆದದ್ದು. ಇಪ್ಪತ್ತು ವರ್ಷ ಎಲ್ಲರೂ ತಮಗೆ ತೋಚಿದಂತೆ ಬಳಸಿದರು. 2001ರ ಆರ್‌ಎಫ್‌ಸಿ 3164 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ಬಳಕೆಯಲ್ಲಿದ್ದುದನ್ನು ಬರೆದಿಟ್ಟಿತು, ನಿಜವಾದ ಪ್ರಮಾಣಿತ ರೂಪ ಬಂದದ್ದು 2009ರ ಆರ್‌ಎಫ್‌ಸಿ 5424ರಲ್ಲಿ. ಹಳೆಯ ರೂಪದಲ್ಲಿ ಸಂದೇಶ 1024 ಬೈಟ್ ಮೀರುವಂತಿಲ್ಲ, ಸಮಯದಲ್ಲಿ ವರ್ಷವೂ ಇಲ್ಲ, ಯಾವ ದೇಶದ ಗಡಿಯಾರ ಎಂಬುದೂ ಇಲ್ಲ.

ಇನ್ನು ತುಂಗೆತೀರ ಅವರಿಗೆ ಒಂದು ಎಚ್ಚರಿಕೆ. ಪೈಥಾನ್‌ನಲ್ಲಿ ಲಾಗ್ ಕಳುಹಿಸುವ ಭಾಗವಾದ ಸಿಸ್‌ಲಾಗ್ ಹ್ಯಾಂಡ್ಲರ್ ಪ್ರತಿ ಸಂದೇಶದ ಕೊನೆಗೆ ತಾನಾಗಿ ಒಂದು ಶೂನ್ಯ ಬೈಟ್ ಸೇರಿಸುತ್ತದೆ, ಹೊಸ ಸಾಲಿನ ಗುರುತನ್ನು ಹಾಕುವುದಿಲ್ಲ. ಯುಡಿಪಿಯಲ್ಲಿ ಒಂದು ಪೊಟ್ಟಣಕ್ಕೆ ಒಂದು ಸಂದೇಶವಾದ್ದರಿಂದ ತೊಂದರೆ ಕಾಣದು. ಟಿಸಿಪಿಯಲ್ಲಿ ಮಾತ್ರ ಒಂದು ಸಂದೇಶ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಯಿತು ಎಂದು ಸರ್ವರ್‌ಗೆ ತಿಳಿಯದೆ ಎಲ್ಲವೂ ಗೋಂದು ಹಚ್ಚಿದಂತೆ ಅಂಟಿಕೊಳ್ಳುತ್ತವೆ. ಶೂನ್ಯ ಸೇರಿಸುವುದನ್ನು ನಿಲ್ಲಿಸಿ ಸಾಲಿನ ಗುರುತು ಹಾಕಿ. ಅಥವಾ 2012ರ ಆರ್‌ಎಫ್‌ಸಿ 6587 ಹೇಳುವಂತೆ ಸಂದೇಶದ ಮುಂದೆ ಅದರ ಉದ್ದವನ್ನು ಅಂಕಿಯಲ್ಲಿ ಬರೆಯಿರಿ. ಎರಡನೆಯದೇ ಉತ್ತಮ. ದೋಷದ ವಿವರ ಹತ್ತು ಸಾಲಿನಷ್ಟು ಉದ್ದವಿದ್ದರೂ ಒಡೆಯುವುದಿಲ್ಲ.

ತುಂಗೆತೀರ, ಬಳ್ಳಾರಿ

ಅಂಟಿಕೊಂಡ ಸಾಲುಗಳು! ಟಿಸಿಪಿ ಇದ್ದಾಗ ಇಪ್ಪತ್ತು ತೂಕ ಒಂದೇ ಸಾಲಿನಲ್ಲಿ ಬರುತ್ತಿತ್ತು. ಸರ್ವರ್ ಕೆಟ್ಟಿದೆ ಎಂದುಕೊಂಡು ಎರಡು ಸಲ ಹೊಸದಾಗಿ ಸ್ಥಾಪಿಸಿದ್ದೆ.

ಮಾನ್ವಿ_ಲೆಕ್ಕಿಗ

ನಾನು ಕಂಪ್ಯೂಟರ್ ಓದಿದವನಲ್ಲ. ಇಪ್ಪತ್ತೆರಡು ವರ್ಷ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದು ಈಗ ಗಿರಣಿಯಲ್ಲಿದ್ದೇನೆ. ಮಗ ಈ ಚರ್ಚೆ ತೋರಿಸಿದ. ಒಂದು ಮಾತು ಹೇಳಲೇಬೇಕು.

ರೈತನ ತೂಕ ಲಾಗ್‌ನಲ್ಲಿ ಇರಬೇಕಾದದ್ದೇ ಅಲ್ಲ. ನಮ್ಮಲ್ಲಿ ಖಿರ್ದಿ ಬೇರೆ, ಖಾತೆ ಬೇರೆ. ಅವೆರಡರ ಹೊರಗೆ ಗುಮಾಸ್ತ ತನ್ನ ನೆನಪಿಗೆ ಬರೆದುಕೊಳ್ಳುವ ಕಚ್ಚಾ ಚೀಟಿ ಇನ್ನೂ ಬೇರೆ. ಕಚ್ಚಾ ಚೀಟಿ ಕಳೆದರೆ ಯಾರೂ ಕೇಳುವುದಿಲ್ಲ. ಖಿರ್ದಿಯ ಒಂದು ಹಾಳೆ ಕಳೆದರೆ ಅಂಗಡಿಯ ಮಾನವೇ ಹೋಗುತ್ತದೆ. ನೀವು ಕಚ್ಚಾ ಚೀಟಿಯಲ್ಲಿ ಖಿರ್ದಿ ಬರೆದು, ಅದನ್ನು ಗಾಳಿಯಲ್ಲಿ ತೂರಿ, ಬಳ್ಳಾರಿಯಲ್ಲಿ ಹಿಡಿಯುತ್ತೇವೆ ಎನ್ನುತ್ತಿದ್ದೀರಿ. ತೂಕ, ಗಾಡಿ ಸಂಖ್ಯೆ, ಹೊತ್ತು, ಚೀಟಿಯ ಕ್ರಮಸಂಖ್ಯೆ ಇವು ಗಿರಣಿಯಲ್ಲೇ, ಅಳಿಸಲಾಗದಂತೆ ಕೂರಬೇಕು.

ತುಂಗೆತೀರ, ಬಳ್ಳಾರಿ

ಲೆಕ್ಕಿಗರೇ, ಚೀಟಿಯ ಅಂಕಿಗಳು ಗಿರಣಿಯ ಡೇಟಾಬೇಸ್‌ನಲ್ಲಿ ಇವೆ, ಅವು ಕಳೆದಿಲ್ಲ. ರೈತರ ತಕರಾರು ಬೇರೆ. ಟ್ರಾಲಿ ಕಟ್ಟೆಯ ಮೇಲೆ ಇನ್ನೂ ಅಲುಗಾಡುತ್ತಿರುವಾಗಲೇ ನಮ್ಮ ಹುಡುಗ ಗುಂಡಿ ಒತ್ತಿದ ಎನ್ನುತ್ತಾರೆ ಅವರು. ತೂಕ ಸ್ಥಿರವಾಗಿತ್ತೇ ಇಲ್ಲವೇ ಎಂಬುದು ಇಂಡಿಕೇಟರ್ ಕಳುಹಿಸಿದ ಹಸಿ ಅಂಕಿಗಳ ಸಾಲಿನಲ್ಲಿ ಮಾತ್ರ ಕಾಣುತ್ತದೆ. ಅದು ಲಾಗ್‌ನಲ್ಲಿತ್ತು.

ಮಾನ್ವಿ_ಲೆಕ್ಕಿಗ

ಹಾಗಿದ್ದರೆ ಗುಂಡಿ ಒತ್ತುವ ಮುಂಚಿನ ಹತ್ತು ಸೆಕೆಂಡಿನ ಅಂಕಿಗಳನ್ನೂ ಚೀಟಿಯ ಜೊತೆಗೇ ಡೇಟಾಬೇಸ್‌ನಲ್ಲಿ ಇಡಿ. ಜಗಳಕ್ಕೆ ಸಾಕ್ಷಿಯಾಗುವುದು ಯಾವುದೋ ಅದು ಲೆಕ್ಕ. ಉಳಿದದ್ದು ಲಾಗ್. ಅದಿಷ್ಟು ಗೆರೆ ಎಳೆದುಕೊಳ್ಳದೆ ಟಿಸಿಪಿ, ಯುಡಿಪಿ ಎಂದು ಎಷ್ಟು ಬಡಿದಾಡಿದರೂ ಆ ರೈತನಿಗೆ ಉತ್ತರ ಸಿಗುವುದಿಲ್ಲ.

ಹಳೆಯ_ಆಡಳಿತಗಾರ, ರಾಯಚೂರು

ಲೆಕ್ಕಿಗರೇ, ಕೈ ಮುಗಿದೆ. ನಾನು ಎರಡು ಉತ್ತರ ಬರೆದೆ, ಮೊದಲು ಹೇಳಬೇಕಾದ್ದನ್ನು ನೀವು ಹೇಳಿದಿರಿ.

ಜೀನ್ಸ್_ಬಜಾರ್, ಬಳ್ಳಾರಿ

ಇದಕ್ಕೆ ಮಾತ್ರ ನೂರಕ್ಕೆ ನೂರು ಒಪ್ಪಿಗೆ. ನನ್ನ ಆರ್ಡರ್‌ಗಳು ಡೇಟಾಬೇಸ್‌ನಲ್ಲಿ ಇವೆ, ಅದಕ್ಕೇ ಯುಡಿಪಿ ಬಗ್ಗೆ ಧೈರ್ಯವಾಗಿ ಮಾತಾಡಿದೆ.

ಕಿನ್ನಾಳ_ಹುಡುಗಿ, ಕೊಪ್ಪಳ

ಖಿರ್ದಿ ಎಂಬ ಪದ ನನಗೆ ಗೊತ್ತೇ ಇರಲಿಲ್ಲ. ಲಾಗ್‌ಗೆ ಕನ್ನಡದಲ್ಲಿ ಅದನ್ನೇ ಬಳಸಬಹುದಲ್ಲವೇ?

ಮಾನ್ವಿ_ಲೆಕ್ಕಿಗ

ಬೇಡಮ್ಮ. ಖಿರ್ದಿ ಎಂದರೆ ದಿನದ ಜಮಾ ಖರ್ಚು ಬರೆಯುವ ಪುಸ್ತಕ. ಅದಕ್ಕೆ ಅದರದೇ ತೂಕವಿದೆ.

ಪೋರ್ಟ್_514

'ದಿನಚರಿ' ಎಂದು ಕೆಲವರು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ, ದಿನಚರಿ ಮನುಷ್ಯ ಬರೆಯುವುದು. ಲಾಗ್ ಎಂದೇ ಇರಲಿ. ಬಸ್ಸಿಗೆ ಬಸ್ ಎನ್ನುತ್ತೇವಲ್ಲ.

ಸಿರುಗುಪ್ಪ_ಸರ್ವರ್

ಪದದ ಚರ್ಚೆ ಸಾಕು. ತುಂಗೆತೀರ, ಆ ಆರು ನಿಮಿಷ ಯಾಕೆ ಹೋಯಿತು ಎಂದು ಪತ್ತೆಯಾಯಿತೇ? ಮೊಬೈಲ್ ಸಂಪರ್ಕವೇ ಹೋಗಿತ್ತೇ?

ತುಂಗೆತೀರ, ಬಳ್ಳಾರಿ

ಆ ಹೊತ್ತಿನಲ್ಲಿ ಸಂಪರ್ಕ ಹೋಗಿರಲಿಲ್ಲ, ಅದೇ ವಿಚಿತ್ರ. ಆ ಗಿರಣಿಯವರು ಅದೇ ಹೊತ್ತಿಗೆ ನನಗೆ ಚಿತ್ರವೊಂದನ್ನು ಕಳುಹಿಸಿದ್ದಾರೆ.

ಹಳೆಯ_ಆಡಳಿತಗಾರ, ರಾಯಚೂರು

ಹಾಗಾದರೆ ದಾರಿಯನ್ನು ಬೈಯಬೇಡಿ, ನಿಮ್ಮ ಮನೆಯ ಬಾಗಿಲು ನೋಡಿ. ಬಳ್ಳಾರಿಯ ಸರ್ವರ್‌ನಲ್ಲಿ ನೆಟ್‌ಸ್ಟ್ಯಾಟ್ ಎಂಬ ಆಜ್ಞೆಗೆ ಯುಡಿಪಿ ಅಂಕಿಅಂಶ ಕೇಳಿ. ಸ್ವೀಕಾರ ಬಫರ್ ದೋಷ ಎಂಬ ಸಾಲಿನಲ್ಲಿ ಎಷ್ಟಿದೆ ಹೇಳಿ. ಯುಡಿಪಿ ಪೊಟ್ಟಣ ಬಂದಾಗ ಸಿಸ್‌ಲಾಗ್ ಬೇರೆ ಕೆಲಸದಲ್ಲಿದ್ದರೆ ಅದು ಬಫರ್‌ನಲ್ಲಿ ಕಾಯುತ್ತದೆ. ಲಿನಕ್ಸ್‌ನಲ್ಲಿ ಆ ಬಫರ್ ಸಾಮಾನ್ಯವಾಗಿ 212,992 ಬೈಟ್, ಅಂದರೆ 208 ಕಿಲೋಬೈಟ್. ಅದು ತುಂಬಿದರೆ ಮುಂದೆ ಬಂದದ್ದೆಲ್ಲ ಸದ್ದಿಲ್ಲದೆ ಕಸಕ್ಕೆ.

ತುಂಗೆತೀರ, ಬಳ್ಳಾರಿ

ಸರ್, 48,217. ಕಳೆದ ತಿಂಗಳು ಸರ್ವರ್ ಮರುಪ್ರಾರಂಭಿಸಿದ ನಂತರದ ಲೆಕ್ಕ. ಆ ಸಂಜೆ ಅದೇ ಸರ್ವರ್‌ನಲ್ಲಿ ಹಳೆಯ ಲಾಗ್‌ಗಳನ್ನು ಕುಗ್ಗಿಸುವ ಕೆಲಸ ನಡೆಯುತ್ತಿತ್ತು. ಡಿಸ್ಕ್ ಅದರಲ್ಲೇ ಮುಳುಗಿತ್ತು. ಸಾಲುಗಳು ಇನ್ನೂರು ಮೈಲಿ ದೂರದ ದಾರಿಯಲ್ಲಿ ಬಿದ್ದಿಲ್ಲ, ನಮ್ಮ ಹೊಸ್ತಿಲಲ್ಲೇ ಬಿದ್ದಿವೆ. ಮೊಬೈಲ್ ಕಂಪನಿಯವರಿಗೆ ಎಷ್ಟು ಬೈದಿದ್ದೆ!

ಸಂಡೂರು_ಗುಡ್ಡ

ಗಂಗಾವತಿಯಿಂದ ಬಳ್ಳಾರಿಗೆ ಇನ್ನೂರು ಮೈಲಿ ಎಲ್ಲಿದೆ ಅಣ್ಣ?

ತುಂಗೆತೀರ, ಬಳ್ಳಾರಿ

ಸಿಟ್ಟಿನಲ್ಲಿ ಬರೆದೆ. ಸಂಜೆ ಲಾರಿಗಳ ಹಿಂದೆ ಬೈಕ್ ಓಡಿಸಿದರೆ ಹಾಗೆಯೇ ಅನಿಸುತ್ತದೆ.

ಕಾಲುವೆ_ಕೊನೆ, ಸಿಂಧನೂರು

ತಡವಾಗಿ ಬಂದೆ. ನಾನು ಒಂದು ಸಹಕಾರ ಸಂಘದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ, ಮನೆಯಲ್ಲಿ ಆರು ಎಕರೆ ಗದ್ದೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದವರಿಗೆ ನೀವು ಹೇಳುತ್ತಿರುವುದೆಲ್ಲ ಚೆನ್ನಾಗಿ ಅರ್ಥವಾಗುತ್ತದೆ. ಮುನಿರಾಬಾದ್‌ನಲ್ಲಿ ನೀರು ಬಿಟ್ಟರು ಎಂದು ಪತ್ರಿಕೆಯಲ್ಲಿ ಬಂದ ದಿನವೇ ನಮ್ಮ ಗದ್ದೆಗೆ ನೀರು ಬಂತೆಂದು ಯಾರೂ ಬರೆದುಕೊಳ್ಳುವುದಿಲ್ಲ. ಬಿಟ್ಟದ್ದು ಬೇರೆ, ಮುಟ್ಟಿದ್ದು ಬೇರೆ. ಅದಕ್ಕೇ ನಾವು ಹೊಲದ ಪಕ್ಕ ಕೃಷಿ ಹೊಂಡ ತೋಡಿಕೊಂಡೆವು. ಬಂದಾಗ ತುಂಬಿಸಿಕೊಳ್ಳುತ್ತೇವೆ, ಬಾರದಾಗ ಅದರಿಂದ ಬಿಡುತ್ತೇವೆ.

ನಿಮಗೆ ಬೇಕಾದದ್ದು ಅಂಥ ಹೊಂಡ, ಆದರೆ ಗಿರಣಿಯ ಕಡೆ. ನನ್ನ ಸಂಘದ ಶಾಖೆಗಳಲ್ಲಿ ಮಾಡಿರುವುದು ಹೀಗೆ. ಪ್ರೋಗ್ರಾಂ ತನ್ನ ಲಾಗ್ ಅನ್ನು ಅಲ್ಲೇ ಕಡತಕ್ಕೆ ಬರೆಯುತ್ತದೆ. ಅದಕ್ಕೆ ನೆಟ್‌ವರ್ಕ್ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. ಅದೇ ಯಂತ್ರದ ಆರ್‌ಸಿಸ್‌ಲಾಗ್ ಆ ಕಡತವನ್ನು ಓದಿ ಕೇಂದ್ರ ಕಚೇರಿಗೆ ರೆಲ್ಪ್‌ನಲ್ಲಿ ಕಳುಹಿಸುತ್ತದೆ. ಸಂಪರ್ಕ ಇಲ್ಲದಾಗ ಕಳುಹಿಸಬೇಕಾದ ಸಾಲುಗಳ ಸರದಿಯನ್ನು ಡಿಸ್ಕ್‌ಗೆ ಇಳಿಸಿಕೊಂಡು ಕಾಯುತ್ತದೆ. ಮರುಪ್ರಯತ್ನದ ಎಣಿಕೆಯನ್ನು ಮೈನಸ್ ಒಂದು ಎಂದು ಇಡಬೇಕು, ಆಗ ಅದು ಎಂದಿಗೂ ಕೈಬಿಡುವುದಿಲ್ಲ. ಇದನ್ನು ಮರೆತರೆ ಉಳಿದದ್ದೆಲ್ಲ ಮಾಡಿಯೂ ವ್ಯರ್ಥ. ಒಮ್ಮೆ ಒಂದು ಶಾಖೆಗೆ ಎರಡು ದಿನ ಸಂಪರ್ಕ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಎಲ್ಲ ಸಾಲುಗಳೂ ಒಂದರ ಹಿಂದೆ ಒಂದು ಬಂದು ಕುಳಿತವು. ನಾನು ಚಹಾ ಲೋಟ ಹಿಡಿದು ನೋಡುತ್ತಾ ನಿಂತಿದ್ದೆ.

ಹಳೆಯ_ಆಡಳಿತಗಾರ, ರಾಯಚೂರು

ಇದೇ ಸರಿಯಾದ ಏರ್ಪಾಡು. ಒಂದು ಸೇರ್ಪಡೆ ಮಾತ್ರ: ಡಿಸ್ಕ್ ಕೂಡ ಒಮ್ಮೊಮ್ಮೆ ನಿಧಾನವಾಗುತ್ತದೆ, ಅದರಲ್ಲೂ ಅಗ್ಗದ ಮೆಮೊರಿ ಕಾರ್ಡ್. ಆದ್ದರಿಂದ ಪೈಥಾನ್‌ನ ಕ್ಯೂ ಹ್ಯಾಂಡ್ಲರ್ ಬಳಸಿ ಲಾಗ್ ಬರೆಯುವ ಕೆಲಸವನ್ನು ಬೇರೆ ಥ್ರೆಡ್‌ಗೆ ಒಪ್ಪಿಸಿ. ತೂಕ ಓದುವ ಥ್ರೆಡ್ ಸಾಲನ್ನು ಸರದಿಗೆ ಎಸೆದು ತನ್ನ ಕೆಲಸಕ್ಕೆ ಹೋಗಲಿ. ಸರದಿಗೆ ಮಿತಿ ಇಡಿ. ಮಿತಿ ಮೀರಿದರೆ ಕಾಯದೆ ಸಾಲನ್ನು ಬಿಟ್ಟುಬಿಡುತ್ತದೆ. ಎಷ್ಟು ಬಿಟ್ಟೆ ಎಂದು ಎಣಿಸಿ ಒಂದು ಸಾಲಿನಲ್ಲಿ ಬರೆಯುವಂತೆ ಮಾಡಿ. ಸುಮ್ಮನೆ ಕಳೆಯುವುದಕ್ಕೂ, ಇಷ್ಟು ಕಳೆದಿದೆ ಎಂದು ಹೇಳಿ ಕಳೆಯುವುದಕ್ಕೂ ಬಹಳ ಅಂತರವಿದೆ.

ಪ್ರತಿ ಸಾಲಿಗೂ ಕ್ರಮಸಂಖ್ಯೆ ಹಾಕಿ. 4,101ರ ನಂತರ 4,109 ಬಂದರೆ ನಡುವೆ ಏಳು ಇಲ್ಲ ಎಂದು ಸರ್ವರ್‌ಗೆ ತಾನಾಗಿ ಗೊತ್ತಾಗುತ್ತದೆ.

ಸಿರುಗುಪ್ಪ_ಸರ್ವರ್

ಹೊಂಡ ತುಂಬಿ ಹರಿದರೆ? ಡಿಸ್ಕ್ ತುಂಬಿ ಡೇಟಾಬೇಸ್ ಕೂಡ ನಿಂತರೆ ಮತ್ತೆ ಅದೇ ಸಾಲು, ಅದೇ ಟ್ರ್ಯಾಕ್ಟರ್.

ಕಾಲುವೆ_ಕೊನೆ, ಸಿಂಧನೂರು

ಸರಿಯಾಗಿ ಹಿಡಿದಿರಿ. ನಮ್ಮ ತುಂಗಭದ್ರಾ ಜಲಾಶಯವನ್ನೇ ನೋಡಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಹಳೆಯ ಲಾಗ್ ಕಡತಗಳು ಡಿಸ್ಕ್‌ನ ಹೂಳು. ಲಾಗ್‌ರೊಟೇಟ್ ಹಾಕಿ ವಾರಕ್ಕೊಮ್ಮೆ ತೆಗೆಯುತ್ತಿರಬೇಕು. ಸರದಿಗೆ ಇಂತಿಷ್ಟೇ ಜಾಗ ಎಂದು ಮಿತಿ ಇಡಬೇಕು. ಸಾಧ್ಯವಾದರೆ ಲಾಗ್‌ಗೆ ಬೇರೆ ಪಾರ್ಟಿಷನ್ (ಡಿಸ್ಕ್‌ನ ಪ್ರತ್ಯೇಕ ಭಾಗ) ಕೊಡಿ. ಅದು ತುಂಬಿದರೂ ಡೇಟಾಬೇಸ್‌ಗೆ ತಾಗುವುದಿಲ್ಲ.

ಸಂಡೂರು_ಗುಡ್ಡ

ಜಲಾಶಯದ ಮಾತು ಬಂತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಮಾವನವರು ನಿದ್ದೆ ಮಾಡಲಿಲ್ಲ. ಕಣ್ಣೆದುರೇ ನೀರು ಹೋಗುತ್ತಿದೆ, ಬೆಳೆಗೆ ಉಳಿಯುತ್ತದೋ ಇಲ್ಲವೋ ಎಂದು.

ಕಾಲುವೆ_ಕೊನೆ, ಸಿಂಧನೂರು

ನಮ್ಮ ಮನೆಯಲ್ಲೂ ಅದೇ ಕಥೆ. 33 ಗೇಟುಗಳಲ್ಲಿ ಒಂದು ಹೋದದ್ದಕ್ಕೆ ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ನಿಲ್ಲಿಸಿದಾಗ ಊರಿನಲ್ಲಿ ಪಟಾಕಿ ಹಚ್ಚಿದರು.

ಶಕ್ತಿನಗರ_ಅಕ್ಕ, ರಾಯಚೂರು

ಮತ್ತೆ ವಿಷಯಕ್ಕೆ ಬರುತ್ತೇನೆ. ನಾನು ಉಪಕರಣ ನಿಯಂತ್ರಣ ವಿಭಾಗದವಳು. ಯಾರೂ ಗಡಿಯಾರದ ಬಗ್ಗೆ ಮಾತಾಡಿಲ್ಲ. ಗಿರಣಿಯ ಕಂಪ್ಯೂಟರ್‌ನಲ್ಲಿ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ವಿದ್ಯುತ್ ಹೋಗಿ ಬಂದಾಗಲೆಲ್ಲ ಅದು ಹಳೆಯ ಯಾವುದೋ ದಿನಾಂಕಕ್ಕೆ ಹೋಗಿ ಕೂರುತ್ತದೆ. ಸಂಪರ್ಕ ಇಲ್ಲದಿದ್ದರೆ ಸಮಯ ಸರಿಮಾಡಿಕೊಳ್ಳಲೂ ದಾರಿಯಿಲ್ಲ. ಈಗ ನೀವು ಡಿಸ್ಕ್‌ನಲ್ಲಿ ಕಾಯಿಸಿ ಎರಡು ದಿನದ ಮೇಲೆ ಕಳುಹಿಸುತ್ತೀರಿ. ಬಂದ ಹೊತ್ತು ಯಾವ ಕೆಲಸಕ್ಕೂ ಬಾರದು, ಬರೆದ ಹೊತ್ತೇ ಸುಳ್ಳಾಗಿದ್ದರೆ ಆ ಸಾಕ್ಷಿಗೆ ಬೆಲೆಯೇನು?

ಮೂರು ಕೆಲಸ ಮಾಡಿ. ಹನ್ನೊಂದೂ ಯಂತ್ರಗಳ ಬ್ಯಾಟರಿ ಬದಲಿಸಿ, ಹೆಚ್ಚು ಖರ್ಚಿಲ್ಲ. ಆರ್‌ಎಫ್‌ಸಿ 5424ರ ರೂಪಕ್ಕೆ ಬನ್ನಿ, ಅದರಲ್ಲಿ ವರ್ಷವೂ ಇರುತ್ತದೆ, +05:30 ಎಂಬ ಗುರುತೂ ಇರುತ್ತದೆ. ಯಂತ್ರ ಶುರುವಾದಾಗ ಗಡಿಯಾರ ಕೊನೆಯ ಚೀಟಿಯ ಸಮಯಕ್ಕಿಂತ ಹಿಂದಿದ್ದರೆ ಪರದೆಯ ಮೇಲೆ ಕೆಂಪಾಗಿ ತೋರಿಸಿ.

ಪೋರ್ಟ್_514

ಅಕ್ಕ ಹೇಳಿದ್ದು ಕಾನೂನಿಗೂ ಸಂಬಂಧಿಸಿದ್ದು. ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದಿದೆ. ಸಣ್ಣ ಉದ್ಯಮಗಳಿಗೆ ಆ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಕೊಟ್ಟಿದ್ದರು, ಅದು ಎಂದೋ ಮುಗಿದಿದೆ. ವಾರಕ್ಕೊಮ್ಮೆ ಹೂಳು ತೆಗೆಯುವುದು ಗಿರಣಿಯಲ್ಲಿ ಸರಿ, ಬಳ್ಳಾರಿಯ ಪ್ರತಿಯನ್ನು ಮಾತ್ರ ಆರು ತಿಂಗಳು ಮುಟ್ಟಬೇಡಿ.

ಜೀನ್ಸ್_ಬಜಾರ್, ಬಳ್ಳಾರಿ

ಒಂದು ಸಾಲಿನ ನಮೂನೆ ಇಲ್ಲಿ ಹಾಕಿ ತುಂಗೆತೀರ. ಏನೇನು ಬರೆಯುತ್ತಿದ್ದೀರಿ ನೋಡೋಣ.

ತುಂಗೆತೀರ, ಬಳ್ಳಾರಿ

ಗಾಡಿ ಸಂಖ್ಯೆ, ತೂಕ, ಸ್ಥಿರ ಅಥವಾ ಅಸ್ಥಿರ ಎಂಬ ಗುರುತು, ಚೀಟಿ ಸಂಖ್ಯೆ, ರೈತರ ಹೆಸರು, ಮೊಬೈಲ್ ಸಂಖ್ಯೆ, ಹಣ ಜಮಾ ಆಗುವ ಬ್ಯಾಂಕ್ ಖಾತೆ.

ಜೀನ್ಸ್_ಬಜಾರ್, ಬಳ್ಳಾರಿ

ಬ್ಯಾಂಕ್ ಖಾತೆಯನ್ನೇ ಬರಿಯ ಅಕ್ಷರದಲ್ಲಿ ಗಾಳಿಯಲ್ಲಿ ಕಳುಹಿಸುತ್ತಿದ್ದೀರಾ? ಮೊದಲು ಅದನ್ನು ಇವತ್ತೇ ನಿಲ್ಲಿಸಿ, ನಾಳೆ ಅಲ್ಲ. ಸಿಸ್‌ಲಾಗ್ ಯುಡಿಪಿಯಲ್ಲಿ ಬೀಗವೇ ಇಲ್ಲ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಯಾರು ಬೇಕಾದರೂ ನಿಮ್ಮ ಗಿರಣಿಯ ಹೆಸರಿನಲ್ಲಿ ಸುಳ್ಳು ಸಾಲನ್ನೂ ಕಳುಹಿಸಬಹುದು. ಸಂದೇಶಕ್ಕೆ ಬೀಗ ಹಾಕುವ ಟಿಎಲ್‌ಎಸ್ ಗೂಢಲಿಪಿ ಹಾಕಿ, ಸಿಸ್‌ಲಾಗ್‌ಗೆ ಅದರ ಪೋರ್ಟ್ 6514. ರೆಲ್ಪ್‌ನಲ್ಲೂ ಟಿಎಲ್‌ಎಸ್ ಇದೆ. ಪ್ರತಿ ಗಿರಣಿಗೂ ಅದರದೇ ಪ್ರಮಾಣಪತ್ರ ಕೊಡಿ. ಲಾಗ್‌ಗೆ ರೈತರ ಹೆಸರು ಬೇಡ, ಚೀಟಿ ಸಂಖ್ಯೆ ಸಾಕು. ಉಳಿದದ್ದು ಡೇಟಾಬೇಸ್‌ನಲ್ಲಿ ಇದೆಯಲ್ಲ.

ಸಿರುಗುಪ್ಪ_ಸರ್ವರ್

ಪೈಥಾನ್‌ನ ಸಾಕೆಟ್ ಹ್ಯಾಂಡ್ಲರ್ ಬಳಸುವ ಆಲೋಚನೆ ಇದ್ದರೆ ಬಿಡಿ. ಅದು ಸಂದೇಶವನ್ನು ಪಿಕಲ್ ಎಂಬ ಪೈಥಾನ್‌ನದೇ ರೂಪದಲ್ಲಿ ಕಟ್ಟಿ ಕಳುಹಿಸುತ್ತದೆ. ಅಪರಿಚಿತರಿಂದ ಬಂದ ಪಿಕಲ್ ಅನ್ನು ಸರ್ವರ್ ಬಿಚ್ಚಿದರೆ ಅದರೊಳಗಿನ ಕೋಡ್ ಓಡುವ ಅಪಾಯವಿದೆ. ಜಾವಾದವರಿಗೆ 2021ರ ಡಿಸೆಂಬರ್ ನೆನಪಿರಬೇಕು, ಲಾಗ್‌ಫೋರ್‌ಜೆ ಎಂಬ ಲಾಗ್ ಬರೆಯುವ ತಂತ್ರಾಂಶದಲ್ಲಿ ಲಾಗ್‌ಗೆ ಬರೆದ ಒಂದು ಸಾಲೇ ಸರ್ವರ್ ಅನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತಿತ್ತು. ನಮ್ಮ ಕಚೇರಿಯಲ್ಲಿ ಮೂರು ರಾತ್ರಿ ಕುಳಿತು ಆವೃತ್ತಿ ಬದಲಿಸಿದೆವು.

ಕಿನ್ನಾಳ_ಹುಡುಗಿ, ಕೊಪ್ಪಳ

ಇಷ್ಟೆಲ್ಲ ಓದಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ಪುಟ್ಟ ಪ್ರೋಗ್ರಾಂ ಬರೆದು ನೋಡಿದೆ. ಕೇಳುವ ಪ್ರೋಗ್ರಾಂ ಓದದೆ ಸುಮ್ಮನೆ ಕೂರುವಂತೆ ಮಾಡಿದೆ. ಕಳುಹಿಸುವ ಪ್ರೋಗ್ರಾಂ ಒಂದಿಷ್ಟು ಸಾವಿರ ಸಾಲು ಸರಸರನೆ ಕಳುಹಿಸಿ 'ಆಯಿತು, ಆಯಿತು' ಎನ್ನುತ್ತಾ ಒಮ್ಮೆಲೇ ನಿಂತಿತು. ಆ ಕಡೆ ಒಂದು ಸಾಲನ್ನೂ ಓದಿರಲಿಲ್ಲ! ಪಾಠದಲ್ಲಿ ಓದಿದ್ದು ಈಗ ಕಣ್ಣಿಗೆ ಕಂಡಿತು.

ಹಳೆಯ_ಆಡಳಿತಗಾರ, ರಾಯಚೂರು

ಶಾಬಾಶ್ ತಂಗಿ. ಈಗ ಕೇಳುವ ಪ್ರೋಗ್ರಾಂ ಅನ್ನು ನಡುವೆ ಕೊಂದು, ಮತ್ತೆ ಶುರುಮಾಡಿ, ಎಷ್ಟು ಸಾಲು ಕಳೆದವು ಎಣಿಸು.

ತುಂಗೆತೀರ, ಬಳ್ಳಾರಿ

ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದಂತೆ ಗಂಗಾವತಿಯ ಒಂದು ಗಿರಣಿಯಲ್ಲಿ ಮೊದಲು ಮಾಡಿದೆ. ಲಾಗ್ ಬರೆಯಲು ಬೇರೆ ಥ್ರೆಡ್, ಅಲ್ಲೇ ಕಡತ, ಆರ್‌ಸಿಸ್‌ಲಾಗ್‌ನ ಡಿಸ್ಕ್ ಸರದಿ, ಟಿಎಲ್‌ಎಸ್ ಹಾಕಿದ ರೆಲ್ಪ್. ಹಸಿ ಅಂಕಿಗಳನ್ನು ಲಾಗ್‌ನಿಂದ ತೆಗೆದು, ಗುಂಡಿ ಒತ್ತುವ ಮುಂಚಿನ ಹತ್ತು ಸೆಕೆಂಡಿನದನ್ನು ಚೀಟಿಯ ಜೊತೆ ಡೇಟಾಬೇಸ್‌ನಲ್ಲಿ ಇಟ್ಟೆ. ತೂಕ ಸ್ಥಿರವಾಗದಿದ್ದರೆ ಈಗ ಗುಂಡಿಯೇ ಒತ್ತಲು ಬರುವುದಿಲ್ಲ.

ಮೊನ್ನೆ ಮಧ್ಯಾಹ್ನ ಗಿರಣಿಯವರಿಗೆ ಹೇಳಿ ರೂಟರ್‌ನ ಕೇಬಲ್ ಕಿತ್ತು ಮೇಜಿನ ಮೇಲಿಟ್ಟೆ. ಎರಡು ಗಂಟೆ ಅಲ್ಲೇ ಕುಳಿತಿದ್ದೆ. 37 ಗಾಡಿ ತೂಗಿದವು. ಪರದೆ ಒಮ್ಮೆಯೂ ತಡವರಿಸಲಿಲ್ಲ. ಕೇಬಲ್ ಮತ್ತೆ ಸಿಕ್ಕಿಸಿದೆ. ಬಳ್ಳಾರಿಯಲ್ಲಿದ್ದ ಗೆಳೆಯ ಫೋನ್‌ನಲ್ಲಿ ಕ್ರಮಸಂಖ್ಯೆ ಓದುತ್ತಾ ಹೋದ. ಒಂದು ನಿಮಿಷದೊಳಗೆ ಎಲ್ಲ ಬಂದವು. ನಡುವೆ ಒಂದೂ ಬಿಟ್ಟಿಲ್ಲ, ಆದರೆ ಹನ್ನೆರಡು ಸಾಲು ಎರಡೆರಡು ಸಲ ಬಂದಿವೆ. ಇದು ಸರಿಯೇ?

ಆ ರೈತರ ವಿಷಯ: ಗಿರಣಿಯವರು ಎರಡು ಚೀಲದ ಹಣ ಕೊಟ್ಟು ಕಳುಹಿಸಿದರು. ಅವರು ಹೇಳಿದ್ದು ನಿಜವೋ ಅಲ್ಲವೋ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ.

ಕಾಲುವೆ_ಕೊನೆ, ಸಿಂಧನೂರು

ಎರಡು ಸಲ ಬರುವುದು ಸಹಜ. ರಸೀದಿ ದಾರಿಯಲ್ಲಿ ಕಳೆದರೆ ಕಳುಹಿಸಿದವನು ಮತ್ತೆ ಕಳುಹಿಸುತ್ತಾನೆ. ಕ್ರಮಸಂಖ್ಯೆ ಇದೆಯಲ್ಲ, ಸರ್ವರ್‌ನಲ್ಲಿ ಒಂದನ್ನು ತೆಗೆದುಹಾಕಿ.

ಮಾನ್ವಿ_ಲೆಕ್ಕಿಗ

ಆ ಹತ್ತು ಸೆಕೆಂಡಿನ ಅಂಕಿಗಳನ್ನು ಚೀಟಿಯ ಹಿಂಬದಿಯಲ್ಲಿ ಮುದ್ರಿಸಿಕೊಡಲು ಆಗುತ್ತದೆಯೇ? ರೈತನ ಜೇಬಿನಲ್ಲೂ ಒಂದು ಪ್ರತಿ ಇರಲಿ.

ತುಂಗೆತೀರ, ಬಳ್ಳಾರಿ

ಹಿಂಬದಿಯಲ್ಲಿ ಆಗದು, ಮುದ್ರಕ ಒಂದೇ ಬದಿಯದು. ಚೀಟಿಯ ಕೆಳಗೆ ಎರಡು ಸಾಲು ಹಿಡಿಸಬಹುದು. ಈ ವಾರವೇ ಮಾಡುತ್ತೇನೆ.

ಶಕ್ತಿನಗರ_ಅಕ್ಕ, ರಾಯಚೂರು

ಬ್ಯಾಟರಿ?

ತುಂಗೆತೀರ, ಬಳ್ಳಾರಿ

ಏಳು ಕಡೆ ಬದಲಿಸಿದೆ ಅಕ್ಕ. ಒಂದು ಯಂತ್ರ 2016ರಲ್ಲೇ ನಿಂತಿತ್ತು. ಉಳಿದ ನಾಲ್ಕು ಸಿಂಧನೂರು ಕಡೆ, ಸೋಮವಾರ ಹೋಗುತ್ತಿದ್ದೇನೆ.

ಕಾಲುವೆ_ಕೊನೆ, ಸಿಂಧನೂರು

ಸೋಮವಾರ ಊಟಕ್ಕೆ ನಮ್ಮ ಮನೆಗೇ ಬನ್ನಿ. ಬರುವಾಗ ಆರ್‌ಸಿಸ್‌ಲಾಗ್‌ನ ಆ ಹೊಂದಿಕೆಯ ಕಡತ ತನ್ನಿ, ಟಿಎಲ್‌ಎಸ್ ನಮ್ಮ ಶಾಖೆಗಳಲ್ಲಿ ಇನ್ನೂ ಹಾಕಿಲ್ಲ.